ಗಾಡಿ ಮಾರೋ ಮುಂಚೆ ಹಿಂದಿನ ಬುಷ್ ನೋಡ್ರಿ

ಹತ್ತಿ ರೊಕ್ಕ ಕೈಗೆ ಬಂದು ತೊಗರಿ ರಾಶಿ ಮುಗಿಯೋ ಹೊತ್ತಿಗೆ ನಮ್ಮ ಭಾಗದಾಗ ಇನ್ನೊಂದು ವ್ಯವಹಾರ ಶುರು ಆಗ್ತದ. ಹಳೇ ಕಾರು ಕೊಡೋದು, ಹೊಸದಕ್ಕ ಸಾಲ ಬರೆಸೋದು. ತಗೊಳ್ಳೋರು ತಗೊಳ್ಳಲಿ, ಅವರವರ ರೊಕ್ಕ, ಅವರವರ ಮನಿ. ಆದ್ರ ಹಳೇದು ಯಾಕ ಕೊಟ್ರಿ ಅಂತ ಕೇಳಿದಾಗ ಬರೋ ಉತ್ತರ ಕೇಳಿ ನನಗ ಸಿಟ್ಟು ಬರ್ತದ. "ಹಿಂದಿಂದ ಸಪ್ಪಳ ಬರ್ಲಿಕತ್ತಿತ್ರಿ, ಗಾಡಿ ಬಾಲ ಹೊಡೀತಿತ್ತು, ಚಾಸಿ ಹೋಗ್ಯದ ಅಂದ್ರು." ಅಂದವರು ಯಾರು? ಗಾಡಿ ಕೊಳ್ಳಾಕ ಬಂದವರು! ಎತ್ತು ಕೊಳ್ಳಾಕ ಬಂದ ದಲ್ಲಾಳಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿದ್ರ ನಾವು ನಂಬ್ತೀವೇನು? ನಮ್ಮ ಕೈಯಿಂದ ಬಾಯಿ ತೆಗೆದು ನೋಡ್ತೀವಿ. ಕಾರಿನ ವಿಷಯಕ್ಕ ಮಾತ್ರ ಕಣ್ಣು ಮುಚ್ಚಿ ತಲಿ ಆಡಿಸ್ತೀವಿ.

ನಾನು ಕೆಳಗ ಹೊಕ್ಕು ನೋಡಿದ ಗಾಡಿಗಳಲ್ಲಿ ಬಹಳಷ್ಟಕ್ಕ ಹೋಗಿದ್ದು ಚಾಸಿ ಅಲ್ಲ, ಅಂಗೈಯಾಗ ಹಿಡಿಯೋವಷ್ಟು ದೊಡ್ಡ ರಬ್ಬರ್ ಬುಷ್. ಹಂಗ ನೋಡಿದ್ರ ಆಲ್ಟೊ, 800, ವ್ಯಾಗನಾರ್ ಇಂಥವಕ್ಕ ಟ್ರ್ಯಾಕ್ಟರ್ ಟ್ರೇಲರ್‌ಗೆ ಇರೋ ಹಂಗ ಬ್ಯಾರೆ ಚಾಸಿ ಅನ್ನೋದೇ ಇಲ್ಲ. ತಗಡಿನ ಬಾಡಿನೇ ಚಾಸಿ. ಇಲ್ಲದ ಚಾಸಿ ಹೋಗ್ಯದ ಅಂತ ಹೇಳಿ ನಮ್ಮೂರಾಗ ಒಬ್ಬ ಕಾಕಾನ ಗಾಡಿ 40 ಸಾವಿರಕ್ಕ ಹೊಡಕೊಂಡು ಹ್ವಾದರು. ಅದೇ ಗಾಡಿ ಎರಡು ತಿಂಗಳಾದ ಮ್ಯಾಲ ಪಕ್ಕದ ಊರಿನಾಗ ಸಪ್ಪಳ ಇಲ್ಲದ ಓಡಾಡ್ಲಿಕತ್ತದ. ಕಾಕಾ ಈಗ ಪ್ರತಿ ತಿಂಗಳು ಕಂತು ಕಟ್ಟತಾನ. ಕಂತು ತಿಂಗಳಿಗೊಮ್ಮೆ ಬರ್ತದ, ನಮ್ಮ ರೊಕ್ಕ ವರ್ಷಕ್ಕ ಎರಡು ಸಲ ಬಂದ್ರ ಹೆಚ್ಚು. ಮಳಿ ಕೈ ಕೊಟ್ಟ ವರ್ಷ ಅದೂ ಇಲ್ಲ. ಈ ಲೆಕ್ಕ ಶೋರೂಮಿನ ಹುಡುಗನಿಗೆ ತಿಳಿಯೋದಿಲ್ಲ, ನಮಗ ತಿಳೀಬೇಕು.

ನನ್ನದು 2010ರ ಆಲ್ಟೊ. 15 ವರ್ಷ ಮುಗಿದು ಆರ್‌ಸಿ ನವೀಕರಣ ಆಗ್ಯದ. 2022ರ ಏಪ್ರಿಲ್‌ಗಿಂತ ಮೊದಲು ಕಾರಿನ ನವೀಕರಣಕ್ಕ 600 ರೂಪಾಯಿ ಇತ್ತು, ಆಮ್ಯಾಲ 5,000 ಆಯ್ತು. ಅಷ್ಟು ಕಟ್ಟಿ ಐದು ವರ್ಷದ ಆಯುಷ್ಯ ತಗೊಂಡ ಗಾಡಿಯನ್ನ ಎರಡು ರಬ್ಬರ್ ಸಲುವಾಗಿ ಬಿಟ್ಟು ಕೊಡೋದು ನನಗ ಸರಿ ಕಾಣಲಿಲ್ಲ. ಹಿಂದಿನ ಬುಷ್ ಅಷ್ಟೂ ಹಾಕಿಸೀನಿ. ಬುಷ್, ಅಡ್ಡ ರಾಡು, ಹೊಸ ಬೋಲ್ಟು, ಮಿಸ್ತ್ರಿ ಕೂಲಿ ಎಲ್ಲಾ ಹಿಡಿದು ಸುಮಾರು 4 ಸಾವಿರ ಬಂತು. ಒಂದು ಕಂತಿಗಿಂತ ಕಡಿಮಿ.

ಈಗ ಈ ಬುಷ್ ಅಂದ್ರ ಏನು, ಎಲ್ಲಿರ್ತದ ಅನ್ನೋದು ನೋಡೋಣ. ಟ್ರ್ಯಾಕ್ಟರ್ ಇದ್ದವರಿಗೆ ಇದು ಲಗೂ ತಿಳೀತದ. ಟ್ರ್ಯಾಕ್ಟರ್ ಹಿಂದ ಕುಂಟಿ, ನೇಗಿಲು ಕಟ್ಟೋ ಎರಡು ಕೆಳಗಿನ ಲಿಂಕ್ ಇರ್ತಾವಲ್ಲ, ಹಂಗೇ ಆಲ್ಟೊದ ಹಿಂದಿನ ಆಕ್ಸಲ್‌ಗೂ ಎಡಕ್ಕೊಂದು ಬಲಕ್ಕೊಂದು ಆರ್ಮ್ ಇರ್ತದ. ಮುಂದಿನ ತುದಿ ಬಾಡಿಗೆ, ಹಿಂದಿನ ತುದಿ ಆಕ್ಸಲ್‌ಗೆ. ಇದಕ್ಕ ಟ್ರೇಲಿಂಗ್ ಆರ್ಮ್ ಅಂತಾರ. ಇನ್ನ ನೇಗಿಲು ಎಡಕ್ಕ ಬಲಕ್ಕ ತೂಗಬಾರದು ಅಂತ ಚೆಕ್ ಚೈನ್ ಬಿಗೀತೀವಿ. ಆ ಚೈನ್ ಮಾಡೋ ಕೆಲಸ ಕಾರಿನಾಗ ಒಂದು ಅಡ್ಡ ರಾಡು ಮಾಡ್ತದ. ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ಬಾಡಿಗೆ. ಇಂಜಿನ್ ಎಳೆಯೋದು ಮುಂದಿನ ಚಕ್ರ. ಹಿಂದಿನ ಆಕ್ಸಲ್ ಬರೇ ಒಂದು ಅಡ್ಡ ತೊಲಿ. ಭಾರ ಹೊರೋದು ಸ್ಪ್ರಿಂಗು, ಕುಣಿತ ತಡಿಯೋದು ಶಾಕಪ್ಪು, ಆದ್ರ ಆ ತೊಲಿ ನೆಟ್ಟಗ ನಿಲ್ಲೋದು ಈ ಎರಡು ಆರ್ಮು ಒಂದು ರಾಡಿನ ಮ್ಯಾಲ. ಈ ಮೂರರ ಎಲ್ಲಾ ತುದಿಯೊಳಗೂ ಕುಂತಿರೋದು ರಬ್ಬರ್ ಬುಷ್.

ಚೆಕ್ ಚೈನ್ ಸಡ್ಲ ಬಿಟ್ಟು ನೇಗಿಲು ಎತ್ತಿ ರೋಡಿನ ಮ್ಯಾಲ ಜೋರಾಗಿ ಹೊಡದವರಿಗೆ ಗೊತ್ತು, ಹಿಂದಿನ ಭಾರ ಟ್ರ್ಯಾಕ್ಟರನ್ನೇ ಹೆಂಗ ಜಗ್ತದ ಅಂತ. ರಬ್ಬರ್ ಹರಿದ ಕಾರು ಅದೇ ಕೆಲಸ 70ರ ವೇಗದಾಗ ಮಾಡ್ತದ. ಮುಂದ ಹತ್ತಿ ಹೇರಿದ ಲಾರಿ, ರಸ್ತೆ ತುಂಬ ಅಂಡಿಗಿ, ನೀವು ಓವರ್‌ಟೇಕ್ ಮಾಡಿ ಒಳಗ ಎಳೀತೀರಿ, ಹಿಂದಿನ ತೊಲಿ ತನ್ನ ಪಾಡಿಗೆ ಒಂದು ಬೆರಳು ಅತ್ತ ಸರೀತದ. ಸ್ಟೀರಿಂಗ್ ನಿಮ್ಮ ಕೈಯಾಗ ಅದ, ಹಿಂದಿನ ಚಕ್ರ ನಿಮ್ಮ ಮಾತು ಕೇಳೋದಿಲ್ಲ. ಶಹಾಪುರ, ಸುರಪುರ ಕಡೆ ಕಾಲುವಿ ನೀರಿನ ಗದ್ದಿ ಇದ್ದಲ್ಲಿ ಟ್ರ್ಯಾಕ್ಟರ್ ಗಾಲಿ ತಂದು ಹಾಕಿದ ಕೆಸರು ರೋಡಿನ ಮ್ಯಾಲೇ ಇರ್ತದ. ಅಂಥಲ್ಲಿ ಬ್ರೇಕ್ ಹಿಡಿದ್ರ ಇನ್ನೂ ಕಷ್ಟ. ಸಪ್ಪಳ ಬರೋದು ಬರೇ ಕಿವಿಗೆ ಕಿರಿಕಿರಿ ಅಂತ ತಿಳಕೊಂಡು ಟೇಪು ಜೋರಾಗಿ ಇಡೋರಿಗೆ ಈ ಮಾತು.

ನಮ್ಮ ಕಡೆ ಈ ರಬ್ಬರ್ ಬೇಗ ಯಾಕ ಹೋಗ್ತದ? ಮೂರು ಕಾರಣ ನನಗ ಕಾಣ್ತದ. ಒಂದು ಬಿಸಿಲು. ಏಪ್ರಿಲ್ ಮೇ ತಿಂಗಳು 40 ಡಿಗ್ರಿ ದಾಟ್ತದ, ಕಾದ ಡಾಂಬರಿನ ಮ್ಯಾಲ ಅರ್ಧ ಗೇಣಿನ ಎತ್ತರಕ್ಕ ತೂಗೋ ರಬ್ಬರ್ ಒಣಗಿ ಬಿರುಕು ಬಿಡ್ತದ. ಇನ್ನೊಂದು ನಮ್ಮ ಎರಿ ಮಣ್ಣು. ಮಳಿಗಾಲದಾಗ ಹೊಲದ ದಾರಿಗೆ ಇಳಿದ್ರ ಆರ್ಮ್ ಮ್ಯಾಲ ಮೆತ್ತಿದ ಎರಿ ವಾರಗಟ್ಟಲೆ ಹಸಿ ಹಿಡಕೊಂಡು ಕುಂದರ್ತದ, ಬೋಲ್ಟು ಒಳಗಿಂದೊಳಗ ತುಕ್ಕು ತಿಂತದ. ಕೆಂಪು ಮಸಾರಿ ಮಣ್ಣಿನವರಿಗೆ ಇಷ್ಟು ತ್ರಾಸು ಇಲ್ಲ. ಮತ್ತೊಂದು ನಾವೇ ಹೇರೋ ಭಾರ. ಎರಡು ಡಿಎಪಿ, ಎರಡು ಯೂರಿಯಾ ಹಿಂದ ಹಾಕಿದ್ರ ಎಷ್ಟಾಯ್ತು? ಡಿಎಪಿ ಚೀಲ 50 ಕೆಜಿ, ಯೂರಿಯಾ 45. ಒಟ್ಟು 190 ಕೆಜಿ. ಅಂದ್ರ ಹಿಂದಿನ ಸೀಟಿನಾಗ ಮೂರು ಮಂದಿ ದಪ್ಪನವರು ಕುಂತಂಗ. ಅದರ ಮ್ಯಾಲ ಮತ್ತ ಮಂದಿ ಹತ್ತತಾರ. ಗೊಬ್ಬರ ಹಾಕಬ್ಯಾಡ್ರಿ ಅಂತ ನಾನು ಹೇಳೋದಿಲ್ಲ, ರೈತನ ಕಾರು ಅಂದ ಮ್ಯಾಲ ಚೀಲ ಹತ್ತೇ ಹತ್ತತದ. ಆದ್ರ ಆ ದಿನ ಮಂದಿ ಇಳಸ್ರಿ, ಗುಂಡಿಗೆ ಸಾವಕಾಶ ಇಳಸ್ರಿ.

ಬುಷ್ ಹೋಗ್ಯದೋ ಇಲ್ಲೋ ನೋಡಾಕ ಮಿಸ್ತ್ರಿ ಬೇಕಾಗಿಲ್ಲ. ಸಣ್ಣ ಸಣ್ಣ ಉಬ್ಬಿನ ಮ್ಯಾಲ ಸಾವಕಾಶ ಹೋಗುವಾಗ ಹಿಂದಿಂದ ಡಬ್ ಡಬ್ ಅಂತದೋ? ಬ್ರೇಕ್ ಹಿಡಿದಾಗ ಬಾಲ ಒಂದು ಕಡೆ ಸರಿದಂಗ ಆಗ್ತದೋ? ಹಿಂದಿನ ಟೈರು ಒಂದೇ ಅಂಚಿಗೆ ಸವೆದದೋ? ಸಪಾಟು ಜಾಗದಾಗ ಗಾಡಿ ನಿಲ್ಲಿಸಿ, ಮಗನಿಗೆ ಹಿಂದಿನ ಬಾಜೂಕ ನಿಂತು ಬಾಡಿಯನ್ನ ಅಡ್ಡ ನೂಕಾಕ ಹೇಳ್ರಿ. ನೀವು ಕುಂತು ಬ್ಯಾಟರಿ ಹಿಡಿದು ಅಡ್ಡ ರಾಡಿನ ತುದಿ ನೋಡ್ರಿ. ಬಾಡಿ ಸರಿದ ಕೂಡ್ಲೆ ಬೋಲ್ಟು ರಬ್ಬರ್ ನಡುವ ಆಡಿದ್ರ ಮುಗೀತು. ಆರ್ಮಿನ ಬುಷ್‌ಗೆ ಸಣ್ಣ ಹಾರಿ ಸಂದಿಗೆ ಕೊಟ್ಟು ಮೀಟಿ ನೋಡಬೇಕು. ಚೂರು ಕೊಸರಿ ತಿರುಗಿ ತನ್ನ ಜಾಗಕ್ಕ ಬಂದ್ರ ಛಲೋ ಅದ, ಕಬ್ಬಿಣ ಕಬ್ಬಿಣಕ್ಕ ತಾಗಿ ಟಕ್ ಅಂದ್ರ ಹೋಗ್ಯದ. ಶಾಕಪ್ಪಿನ ತುದಿ ಬುಷ್ ಸಹಿತ ಇಂಥದ್ದೇ ಸಪ್ಪಳ ಮಾಡ್ತದ, ಅದು ಎಲ್ಲಕ್ಕಿಂತ ಸೋವಿ, ಮೊದಲು ಅದನ್ನ ನೋಡ್ರಿ. ಎಷ್ಟೋ ಸಲ ಸ್ಟೆಪ್ನಿ ಕೆಳಗಿನ ಜಾಕೇ ಸಡ್ಲ ಆಗಿ ಬಡೀತಿರ್ತದ, ನಗಬ್ಯಾಡ್ರಿ.

ಒಂದು ಮಾತು ಮಾತ್ರ ಆ ಕೊಳ್ಳೋರ ಪರವಾಗಿ ಹೇಳಬೇಕು. ಆರ್ಮು ಬಾಡಿಗೆ ಸೇರೋ ಜಾಗದಾಗ ತಗಡೇ ತುಕ್ಕು ಹಿಡಿದು ಉದುರಾಕ ಹತ್ತಿದ್ರ, ಸ್ಕ್ರೂ ಡ್ರೈವರ್ ಚುಚ್ಚಿದ್ರ ಒಳಗ ಹೋದ್ರ, ಅಲ್ಲಿ ಹೊಸ ಬುಷ್ ಹಾಕಿ ಉಪಯೋಗ ಇಲ್ಲ. ಅಂಥ ಗಾಡಿ ಮಕ್ಕಳನ್ನ ಕೂಡಿಸಿಕೊಂಡು ಹೊಡಿಯೋದಲ್ಲ. ತಗಡು ಕಟ್ಟಿ ಅದ, ರಬ್ಬರ್ ಹೋಗ್ಯದ ಅಂದ್ರ ಮಾತ್ರ ನನ್ನ ಮಾತು ಕೇಳ್ರಿ.

ಈಗ ಜಗಳದ ವಿಷಯಕ್ಕ ಬರ್ತೀನಿ. ನಮ್ಮ ಅಣ್ಣನ ಮಗನೂ ಬುಷ್ ಹಾಕಿಸಿದ್ದ, ಒಂದು ಗ್ಯಾರೇಜಿನಾಗ. ಆರು ತಿಂಗಳಿಗೆ ಮತ್ತ ಅದೇ ಸಪ್ಪಳ. "ಕಾಕಾ, ಮಾಲೇ ಡೂಪ್ಲಿಕೇಟ್ ಬರ್ತದ ಈಗ, ಹಾಕಿಸಿ ಉಪಯೋಗ ಇಲ್ಲ" ಅಂದ. ಡೂಪ್ಲಿಕೇಟ್ ಮಾಲು ಅದ, ಅಲ್ಲ ಅನ್ನೋದಿಲ್ಲ. ಆದ್ರ ಹರಿದ ಬುಷ್ ತೆಗೆದು ನೋಡಿದ್ರ ರಬ್ಬರ್ ಎಲ್ಲಾ ಒಂದೇ ದಿಕ್ಕಿಗೆ ಸೀಳಿತ್ತು. ಅಂದ್ರ ಮಾಲಿಗಿಂತ ಬಿಗಿದ ರೀತಿನೇ ತಪ್ಪು.

ಇದು ತಿಳೀಬೇಕಂದ್ರ ಬುಷ್ ಹೆಂಗ ಕೆಲಸ ಮಾಡ್ತದ ತಿಳೀಬೇಕು. ಬಂಡಿ ಗಾಲಿಯ ಗುಂಬ ಅಚ್ಚಿನ ಮ್ಯಾಲ ಜಾರಿ ತಿರುಗ್ತದ, ಅದಕ್ಕೇ ನಾವು ಕೀಲೆಣ್ಣಿ ಹಾಕ್ತೀವಿ. ಕಾರಿನ ಬುಷ್ ಹಂಗಲ್ಲ, ಅದು ಜಾರೋದೇ ಇಲ್ಲ. ಹೊರಗೊಂದು ಕಬ್ಬಿಣದ ಬಳಿ, ಒಳಗೊಂದು ಕಬ್ಬಿಣದ ಕೊಳವಿ, ನಡುವ ಎರಡಕ್ಕೂ ಅಂಟಿಕೊಂಡ ರಬ್ಬರ್. ಹೊರಗಿನ ಬಳಿ ಆರ್ಮಿನಾಗ ಗಟ್ಟಿ ಕುಂತಿರ್ತದ. ಒಳಗಿನ ಕೊಳವಿ ಬೋಲ್ಟು ಬಿಗಿದ ಕೂಡ್ಲೆ ಬ್ರಾಕೆಟ್ಟಿಗೆ ಕಚ್ಚಿ ಹಿಡೀತದ. ಚಕ್ರ ಮ್ಯಾಲ ಕೆಳಗ ಆದಾಗ ನಡುವಿನ ರಬ್ಬರ್ ತಿರುಚಿ ತಿರುಗಿ ತನ್ನ ಜಾಗಕ್ಕ ಬರ್ತದ. ಹಿಂಗಾಗಿ ಬೋಲ್ಟು ಬಿಗಿದ ಗಳಿಗಿಯಲ್ಲಿ ಆರ್ಮ್ ಯಾವ ಮಟ್ಟಕ್ಕ ಇರ್ತದೋ ಅದೇ ರಬ್ಬರಿನ ಆರಾಮದ ಜಾಗ ಆಗ್ತದ.

ಗ್ಯಾರೇಜಿನಾಗ ಏನ್ ಮಾಡ್ತಾರ? ಗಾಡಿ ಎತ್ತಿ, ಚಕ್ರ ಗಾಳಿಯಾಗ ಜೋತಾಡುವಾಗ ಬುಷ್ ಹಾಕಿ, ಅಲ್ಲೇ ಪೂರಾ ಬಿಗಿದು, ಕೆಳಗ ಇಳಸ್ತಾರ. ಗಾಡಿ ನೆಲಕ್ಕ ಬಂದ ಕೂಡ್ಲೆ ಆರ್ಮ್ ಮ್ಯಾಲ ಬರ್ತದ, ರಬ್ಬರ್ ತಿರುಚಿಕೊಂಡೇ ನಿಲ್ತದ. ಗಾಡಿ ಮನಿ ಮುಂದ ನಿಂತಿರಲಿ, ರಾತ್ರಿ ನೀವು ಮಲಗಿರಲಿ, ಆ ರಬ್ಬರ್‌ಗೆ ಬಿಡುವಿಲ್ಲ. ಎತ್ತಿನ ಕೊರಳು ಒಂದು ಕಡೆ ತಿರುವಿ ಗೂಟಕ್ಕ ಕಟ್ಟಿ, ಹಂಗೇ ಮೇವು ತಿನ್ನು, ಹಂಗೇ ಮಲಕೋ ಅಂದಂಗ. ಅದರ ಮ್ಯಾಲ ಗುಂಡಿ ಬಂದ್ರ ಸೀಳದೇ ಏನ್ ಮಾಡ್ತದ?

ಸರಿಯಾದ ರೀತಿ ಇಷ್ಟೇ. ಬೋಲ್ಟು ಎಲ್ಲಾ ಹಾಕಿ ಕೈಬಿಗಿ ಮಾಡಿ ಬಿಡಬೇಕು. ಗಾಡಿ ಇಳಿಸಿ, ಭಾರ ಚಕ್ರದ ಮ್ಯಾಲ ಬಂದ ಮ್ಯಾಲ, ಹಿಂದ ಎರಡು ಸಲ ಒತ್ತಿ ಕುಣಿಸಿ, ಆಮ್ಯಾಲ ಪೂರಾ ಬಿಗೀಬೇಕು. ಕೆಳಗ ಕೈ ಹೋಗೋದಿಲ್ಲ ಅಂದ್ರ ಆಕ್ಸಲ್ ಕೆಳಗ ಜಾಕ್ ಕೊಟ್ಟು ನೆಲದ ಮ್ಯಾಲ ಇದ್ದಾಗಿನ ಮಟ್ಟಕ್ಕ ಎತ್ತಿ ಬಿಗೀಬಹುದು. ಆ ಮಟ್ಟ ಯಾವುದು ಅಂತ ತಿಳಿಯಾಕ ಕೆಲಸ ಶುರು ಮಾಡೋಕ್ಕಿಂತ ಮೊದಲೇ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನ ತನಕ ಟೇಪಿನಿಂದ ಅಳೆದು ಸುಣ್ಣದ ಕಡ್ಡಿಯಿಂದ ಬಾಗಿಲಿನ ಮ್ಯಾಲೇ ಬರೆದಿಡ್ರಿ. ಎಷ್ಟು ಬಲಕ್ಕ ಬಿಗೀಬೇಕು ಅನ್ನೋದು ಕಂಪನಿ ಪುಸ್ತಕದಾಗ ಇರ್ತದ, ಟಾರ್ಕ್ ಪಾನಾ ಇದ್ದ ಮಿಸ್ತ್ರಿ ಸಿಕ್ರ ಇನ್ನೂ ಛಲೋ.

ಇದನ್ನ ಹೇಳಿದ್ರ ಮಿಸ್ತ್ರಿಗೆ ಸಿಟ್ಟು ಬರ್ತದ. "ಇಪ್ಪತ್ತು ವರ್ಷದಿಂದ ಹಿಂಗೇ ಮಾಡೀನಿ" ಅಂತಾರ. ನಾನು ಹೇಳೋದು, ಸಿಟ್ಟು ಬಂದ್ರ ಬರಲಿ, ಮರ್ಯಾದಿಂದ ಹೇಳಿ ಬಾಜೂಕೇ ನಿಂದರ್ರಿ. ಕಳೆ ಕೂಲಿಯವರ ಹಿಂದ ನಾವು ಸಾಲಿನಾಗ ನಿಲ್ಲೋದಿಲ್ಲೇನು? ಹೆಚ್ಚು ಕೆಲಸ ಅಂದ್ರ ಕಾಲು ತಾಸು. ಬೇಕಾದ್ರ ಚಾ ಕುಡಿಸ್ರಿ, ನೂರು ರೂಪಾಯಿ ಮ್ಯಾಲ ಕೊಡ್ರಿ. ಹಳೇ ಬುಷ್ ಕೈಯಾಗ ಇಸಗೊಂಡು ಬರ್ರಿ, ಬದಲಿ ಮಾಡ್ಯಾರೋ ಇಲ್ಲೋ ಅದರಿಂದ ಗೊತ್ತಾಗ್ತದ, ಯಾವ ದಿಕ್ಕಿಗೆ ಹರಿದದ ಅನ್ನೋದೂ ಗೊತ್ತಾಗ್ತದ.

ಇನ್ನೊಂದು ಪಂಥದವರು ಇದ್ದಾರ. ರಬ್ಬರ್ ಯಾಕ, ನೈಲಾನ್ ಹಾಕ್ರಿ, ಪಿಯು ಹಾಕ್ರಿ, ಲೇತ್‌ನಾಗ ತಿರುಗಿಸಿ ಕೊಡ್ತೀವಿ, ಜನ್ಮ ಬಾಳತದ ಅಂತಾರ. ಬಾಳಬಹುದು. ಆದ್ರ ಇದು ಅಡ್ಡ ತೊಲಿ ಆಕ್ಸಲ್. ಎಡಗಾಲಿ ಗುಂಡಿಗೆ ಇಳಿದು ಬಲಗಾಲಿ ಮ್ಯಾಲ ಉಳಿದಾಗ ತೊಲಿ ಓರೆ ಆಗ್ತದ, ಎರಡೂ ಆರ್ಮ್ ಕೊಂಚ ತಿರುಚಬೇಕಾಗ್ತದ. ಆ ತಿರುಚನ್ನ ನುಂಗೋದೇ ಮೆತ್ತನ ರಬ್ಬರ್. ಅಲ್ಲಿ ಗಟ್ಟಿ ಬುಷ್ ಕೂಡಿಸಿದ್ರ ಆ ಬಲ ಎಲ್ಲಾ ಬ್ರಾಕೆಟ್ಟಿಗೆ, 15 ವರ್ಷದ ತಗಡಿಗೆ ಹೋಗ್ತದ. ಎರಡು ನೂರು ರೂಪಾಯಿ ಬುಷ್ ಉಳಿಸಾಕ ಹೋಗಿ ಬಾಡಿ ಸೀಳಿಸಿಕೊಳ್ಳೋದು ಶಾಣ್ಯಾತನ ಅಲ್ಲ. ರೇಸ್ ಬಿಡೋರಿಗೆ ಅದು, ನಮಗಲ್ಲ.

ಕೆಲಸದಾಗ ನಿಜವಾದ ತ್ರಾಸು ಬರೋದು ಹಳೇ ಬೋಲ್ಟು ತೆಗಿಯೋದರಲ್ಲಿ. ಒಳಗಿನ ಕೊಳವಿಗೆ ಬೋಲ್ಟು ತುಕ್ಕಿನಿಂದ ಕಚ್ಚಿರ್ತದ, ನಟ್ಟು ಬಂದ್ರೂ ಬೋಲ್ಟು ಬರೋದಿಲ್ಲ. ಎರಡು ದಿನ ಮೊದಲೇ ಮಣ್ಣು ಕೆರೆದು, ನೀರು ಹೊಡೆದು ಒಣಗಿಸಿ, ತುಕ್ಕು ಬಿಡಿಸೋ ಸ್ಪ್ರೇ ಸಂಜಿ ಮುಂಜಾನೆ ಹೊಡೀರಿ. ಅಷ್ಟಾದ್ರೂ ಬರಲಿಲ್ಲ ಅಂದ್ರ ಕೊರದು ತೆಗೆದು ಹೊಸ ಬೋಲ್ಟು ಹಾಕಿಸ್ರಿ. ಗ್ಯಾಸ್ ಕಟ್ಟರ್ ಹಚ್ಚಿ ಕಾಸ್ತೀನಿ ಅಂದ್ರ ಮಾತ್ರ ಕೈ ಹಿಡಿದು ನಿಲ್ಲಸ್ರಿ. ಪೆಟ್ರೋಲ್ ಟ್ಯಾಂಕು, ಬ್ರೇಕಿನ ಪೈಪು ಎಲ್ಲಾ ಹಿಂದೇ ಅದಾವ. ಹಳೇ ಬುಷ್ ಆರ್ಮಿನಿಂದ ತೆಗಿಯಾಕ, ಹೊಸದು ಕೂಡಿಸಾಕ ಪ್ರೆಸ್ ಬೇಕು. ಯಾದಗಿರಿಯಾಗ ಲೇತ್ ಇದ್ದಲ್ಲಿ ಕೇಳಿದ್ರ ಮಾಡಿ ಕೊಡ್ತಾರ. ಸುತ್ತಿಗಿಯಿಂದ ಬಡಿದ್ರ ಹೊರಗಿನ ಬಳಿ ಮಣೀತದ, ಆರ್ಮಿನ ತೂತು ಅಂಡಾಕಾರ ಆಗ್ತದ, ಮುಂದ ಯಾವ ಬುಷ್ಷೂ ನಿಲ್ಲೋದಿಲ್ಲ. ತೆಗಿಯೋಕ್ಕಿಂತ ಮೊದಲು ಹಳೇದು ಯಾವ ದಿಕ್ಕಿಗೆ ಕುಂತದ ಅಂತ ಗುರುತು ಹಾಕ್ರಿ. ಕೂಡಿಸುವಾಗ ಸಾಬೂನಿನ ನೀರು ಸಾಕು. ಗ್ರೀಸು, ಇಂಜಿನ್ ಆಯಿಲು ರಬ್ಬರ್‌ಗೆ ತಾಗಬಾರದು, ಉಬ್ಬಿ ಮೆತ್ತಗಾಗಿ ಹೋಗ್ತದ. ಸಪ್ಪಳ ನಿಲ್ಲಲಿ ಅಂತ ಹಳೇ ಆಯಿಲ್ ಹೊಡಿಯೋ ಚಾಳಿ ನಮ್ಮಲ್ಲಿ ಬಹಳ, ಬಂಡಿ ಕಾಲದ ಚಾಳಿ ಅದು. ಬೇಕಾದ್ರ ಬೋಲ್ಟಿನ ಮೈಗೆ ತೆಳ್ಳಗ ಗ್ರೀಸ್ ಸವರಿ, ಮುಂದಿನ ಸಲ ತೆಗಿಯಾಕ ಹಗುರ ಆಗ್ತದ. ಒಂದೇ ಬದಿಗೆ ಹಾಕಿಸಬ್ಯಾಡ್ರಿ. ಎಡ ಹೊಸದು ಬಲ ಹಳೇದು ಅಂದ್ರ ಒಂದು ಎತ್ತು ಎಳೇದು ಒಂದು ಮುದಿ, ತೊಲಿ ಓರೇನೇ ನಡೀತದ.

ಮನಿಯಾಗೇ ಮಾಡ್ತೀನಿ ಅನ್ನೋ ಹುಡುಗರಿಗೆ ಒಂದು ಮಾತು. ಫರ್ಸಿ ಕಲ್ಲಿನ ಮ್ಯಾಲ ಜಾಕ್ ಇಡಬ್ಯಾಡ್ರಿ. ನಮ್ಮ ಕಡೆ ಎಲ್ಲರ ಅಂಗಳದಾಗೂ ಫರ್ಸಿ, ನೋಡಾಕ ಗಟ್ಟಿ, ಆದ್ರ ಒಂದೇ ಕಡೆ ಭಾರ ಬಿದ್ರ ಫಟ್ ಅಂತ ಸೀಳತದ. ಇಟ್ಟಂಗಿ, ಸಿಮೆಂಟ್ ಬ್ಲಾಕು ಬಾಡಿ ಕೆಳಗ ಕೊಡಬ್ಯಾಡ್ರಿ, ಪುಡಿ ಆಗ್ತಾವ. ಸ್ಟ್ಯಾಂಡ್ ಇಲ್ಲದಿದ್ರ ಜಾಲಿ ಮರದ ಅಗಲ ದಿಮ್ಮಿ ಎರಡು ಬದಿ ಕೊಟ್ಟು, ಮುಂದಿನ ಗಾಲಿಗೆ ಕಲ್ಲು ಹಚ್ಚಿ, ಒಮ್ಮೆ ನೂಕಿ ನೋಡಿ ಆಮ್ಯಾಲ ಕೆಳಗ ಹೊಗ್ರಿ. ಬರೇ ಜಾಕ್ ನಂಬಿ ಕೆಳಗ ತಲಿ ಇಡೋದು ಬ್ಯಾಡ.

ಬೊಲೆರೊ, ಓಮ್ನಿ ಇದ್ದವರದು ಬ್ಯಾರೆ ಲೆಕ್ಕ. ಅವಕ್ಕ ಹಿಂದ ಕಮಾನು ಪಾಟಾ, ಆರ್ಮು ರಾಡು ಇಲ್ಲ, ಪಾಟಾನೇ ಆಕ್ಸಲ್ ಹಿಡಕೊಂಡಿರ್ತದ. ಬುಷ್ ಇರೋದು ಪಾಟಾದ ಎರಡು ತುದಿ ಕಣ್ಣಿನಾಗ ಮತ್ತ ಹಿಂದಿನ ಶಾಕಲ್‌ನಾಗ. ಹೊರಗಿಂದೇ ಕಾಣ್ತಾವ, ತೆಗಿಯೋದೂ ಹಗುರ, ಆದ್ರ ಬಿಗಿಯೋ ನಿಯಮ ಅದೇ, ಭಾರ ನೆಲಕ್ಕ ಬಂದ ಮ್ಯಾಲ. ಇಂಡಿಕಾದ ಹಿಂದ ಎರಡೂ ಚಕ್ರಕ್ಕ ಬ್ಯಾರೆ ಬ್ಯಾರೆ ಆರ್ಮು, ಅಲ್ಲಿ ಬುಷ್ ಹೋದ್ರ ಚಕ್ರ ಒಳಗ ಹೊರಗ ವಾಲಿ ಟೈರು ತಿಂತದ, ಅದನ್ನ ನಮ್ಮ ಕಡೆ ಬಲ್ಲ ಮಿಸ್ತ್ರಿ ಹುಡುಕಿಯೇ ಕೊಡಬೇಕು.

ಹಾಕಿಸಿದ ಮ್ಯಾಲ ನೂರು ಕಿಲೋಮೀಟರ್ ಓಡಿಸಿ ಎಲ್ಲಾ ನಟ್ಟಿಗೂ ಒಮ್ಮೆ ಪಾನಾ ಹಚ್ಚಿ ನೋಡ್ರಿ. ಬಿಗಿದ ನಟ್ಟಿನ ಮ್ಯಾಲ ಬಿಳಿ ಪೇಂಟಿನಿಂದ ಒಂದು ಗೀಟು ಎಳೆದಿಟ್ರ ಮುಂದ ಬಗ್ಗಿ ನೋಡಿದ್ರೂ ಸಾಕು, ಸರಿದದೋ ಇಲ್ಲೋ ಕಾಣ್ತದ. ನನ್ನ ಗಾಡಿ ಗೀಟು ಮೊನ್ನೆ ಹತ್ತಿ ಚೀಲ ಇಳಿಸಿದ ಮ್ಯಾಲ ನೋಡೀನಿ, ಇದ್ದಲ್ಲೇ ಅದ.